ಅಮೆರಿಕದ ರಾಜಕಾರಣ ಮತ್ತು ಹೊರನಾಡ ಕನ್ನಡಿಗ: ಒಬ್ಬ ವಿದ್ಯಾರ್ಥಿಯ ಅನಿಸಿಕೆಗಳು

ಈ ಲೇಖನವನ್ನು ಬರೆಯಬೇಡವೆಂದು ಮೊದಲು ಹೇಳಿದವಳು ನಮ್ಮವ್ವ. "ಮೊದಲ ವೀಸಾ ಕೈಗೆ ಬರ್ಲಿ, ಆಮ್ಯಾಲೆ ಏನ್ ಬೇಕಾದ್ದು ಬರಕೊ" ಎಂದಳು. ಪುಣೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿರುವ ನಾನು, ಮುಂದಿನ ವ್ಯಾಸಂಗಕ್ಕಾಗಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವ ಸಿದ್ಧತೆಯಲ್ಲಿದ್ದೇನೆ. ನಮ್ಮ ಸಂಘದ ಚರ್ಚಾಕೂಟದಲ್ಲಿ ಆ ದೇಶದ ಇಂದಿನ ರಾಜಕೀಯ ಪ್ರಶ್ನೆಗಳನ್ನು ಕುರಿತು ನಾನಾಡಿದ ನಾಲ್ಕು ಮಾತುಗಳನ್ನು ಕೇಳಿದ ಸಂಪಾದಕರು ಅವನ್ನೇ ಬರೆದುಕೊಡಲು ಹೇಳಿದಾಗ ಹಿಗ್ಗಿದ್ದೆ. ಅವ್ವನ ಮಾತು ಕೇಳಿದ ಮೇಲೆ ಎರಡು ವಾರ ಲೇಖನಿಯನ್ನು ಮುಟ್ಟಲಿಲ್ಲ.

ಅವ್ವನ ಅಂಜಿಕೆ ಹುಸಿಯಲ್ಲ. 2025ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ರಾಯಭಾರ ಕಚೇರಿಗಳು ವಿದ್ಯಾರ್ಥಿ ವೀಸಾಕ್ಕೆ ಹೊಸ ಸಂದರ್ಶನಗಳ ದಿನಾಂಕ ಕೊಡುವುದನ್ನು ನಿಲ್ಲಿಸಿದವು. ಜೂನ್ ತಿಂಗಳಲ್ಲಿ ಮತ್ತೆ ಆರಂಭಿಸಿದಾಗ ಹೊಸ ನಿಬಂಧನೆಯೊಂದು ಸೇರಿಕೊಂಡಿತು: ಅರ್ಜಿದಾರರು ಸಾಮಾಜಿಕ ಜಾಲತಾಣಗಳಲ್ಲಿರುವ ತಮ್ಮ ಖಾತೆಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಡಬೇಕು. ಬರೆದದ್ದು, ಮೆಚ್ಚಿದ್ದು, ಹಂಚಿಕೊಂಡದ್ದು ಎಲ್ಲವೂ ಅಧಿಕಾರಿಯ ಕಣ್ಣಿಗೆ ಬೀಳಬೇಕು. ಅದೇ ವರ್ಷದ ಮಾರ್ಚ್ 25ರಂದು ಮ್ಯಾಸಚೂಸೆಟ್ಸ್‌ನ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿನಿ, ಟರ್ಕಿ ದೇಶದ ರುಮೆಯ್ಸಾ ಓಜ್‌ತುರ್ಕ್ ಅವರನ್ನು ಮುಖಗವಸು ತೊಟ್ಟ ಅಧಿಕಾರಿಗಳು ಬೀದಿಯಲ್ಲಿ ಹಿಡಿದು ದೂರದ ಲೂಸಿಯಾನಾ ರಾಜ್ಯದ ಬಂಧನಗೃಹಕ್ಕೆ ಸಾಗಿಸಿದರು. ಒಂದು ವರ್ಷದ ಹಿಂದೆ ಗಾಜಾ ಯುದ್ಧದ ವಿಷಯವಾಗಿ ಅವರು ಇತರ ಮೂವರೊಂದಿಗೆ ಸೇರಿ ವಿದ್ಯಾರ್ಥಿ ಪತ್ರಿಕೆಗೆ ಒಂದು ಅಭಿಪ್ರಾಯ ಲೇಖನ ಬರೆದಿದ್ದರು. ಇಂಥದೇ ಒಂದು ಲೇಖನ.

ಹಾಗೆಂದು ಕಥೆಯ ಉಳಿದರ್ಧವನ್ನು ಮುಚ್ಚಿಡುವುದು ಸಲ್ಲದು. ಆರು ವಾರಗಳ ಮೇಲೆ, ಮೇ 9ರಂದು, ಅಮೆರಿಕದ ನ್ಯಾಯಾಧೀಶರೊಬ್ಬರೇ ಅವರನ್ನು ಬಿಡುಗಡೆ ಮಾಡುವಂತೆ ಆಜ್ಞೆ ಮಾಡಿದರು. ಹಿಡಿದ ಅಮೆರಿಕವೂ ಉಂಟು, ಬಿಡಿಸಿದ ಅಮೆರಿಕವೂ ಉಂಟು. ಆ ದೇಶವನ್ನು ಕುರಿತು ಆಡುವ ಮಾತು ಈ ಎರಡನ್ನೂ ಒಟ್ಟಿಗೆ ಕಾಣದಿದ್ದರೆ ಅದು ಸ್ತುತಿಯಾದೀತು ಇಲ್ಲವೇ ನಿಂದೆಯಾದೀತು, ವಿಚಾರವಾಗಲಾರದು.

ಪುಣೆಯಲ್ಲಿ ಕುಳಿತ ಕನ್ನಡದ ವಿದ್ಯಾರ್ಥಿಗೆ ಅಮೆರಿಕದ ರಾಜಕಾರಣದ ಗೊಡವೆಯೇಕೆ ಎಂದು ಕೇಳುವವರುಂಟು. ಅವರಿಗೆ ನಾನು ಈ ಊರಿನ ಇತಿಹಾಸವನ್ನೇ ಉತ್ತರವಾಗಿ ಕೊಡಬಯಸುತ್ತೇನೆ. ಮಹಾತ್ಮಾ ಜೋತಿಬಾ ಫುಲೆಯವರು 1873ರಲ್ಲಿ ಹೊರತಂದ 'ಗುಲಾಮಗಿರಿ' ಎಂಬ ಗ್ರಂಥವನ್ನು ಅರ್ಪಿಸಿದ್ದು ಕರಿಯರ ದಾಸ್ಯವನ್ನು ಕೊನೆಗಾಣಿಸಲು ಹೋರಾಡಿದ ಅಮೆರಿಕದ ಸಜ್ಜನರಿಗೆ. ಹಾಗೆ ಅರ್ಪಿಸುವಾಗ ಅವರ ಕಣ್ಣು ಅಮೆರಿಕದ ಮೇಲಿದ್ದರೂ ಮನಸ್ಸು ಇಲ್ಲಿನ ಶೂದ್ರಾತಿಶೂದ್ರರ ಮೇಲಿತ್ತು. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಸಾಧ್ಯವಾಗಬಾರದು ಎಂಬುದೇ ಅವರ ಪ್ರಶ್ನೆ.

ಪುಣೆಯ ಆನಂದಿಬಾಯಿ ಜೋಶಿಯವರು 1883ರಲ್ಲಿ ಕಡಲು ದಾಟಿ ಹೋಗಿ 1886ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವೀಧರೆಯಾದರು. ಅವರು ಹಡಗು ಹತ್ತುವ ಹಿಂದಿನ ವರ್ಷ, 1882ರಲ್ಲಿ, ಅಮೆರಿಕ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚುವ ಕಾಯ್ದೆಯನ್ನು ಮಾಡಿತ್ತು. ಒಂದು ಬಾಗಿಲಲ್ಲಿ ಸ್ವಾಗತ, ಇನ್ನೊಂದಕ್ಕೆ ಅಗಳಿ. ಇದು ಆ ದೇಶದ ಹಳೆಯ ಪದ್ಧತಿ. ಆನಂದಿಬಾಯಿಯವರ ಪದವೀದಾನಕ್ಕೆ ಹೋಗಿದ್ದ ಪಂಡಿತಾ ರಮಾಬಾಯಿಯವರು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಮುಂದೆ ಪುಣೆಯ ಹತ್ತಿರದ ಕೇಡಗಾಂವದಲ್ಲಿ ನೆಲೆನಿಂತವರು. ಅಮೆರಿಕವನ್ನು ಸುತ್ತಿ ಬಂದು 1889ರಲ್ಲಿ ಅವರು ಮರಾಠಿಯಲ್ಲಿ ಪ್ರಕಟಿಸಿದ ಗ್ರಂಥ ಅಲ್ಲಿನ ಸ್ತ್ರೀಶಿಕ್ಷಣವನ್ನೂ ಪ್ರಜಾಪ್ರಭುತ್ವವನ್ನೂ ಮನಸಾರೆ ಮೆಚ್ಚಿತು. ಕರಿಯರನ್ನೂ ಮೂಲನಿವಾಸಿಗಳನ್ನೂ ನಡೆಸಿಕೊಂಡ ಬಗೆಯನ್ನು ಕಾಣದೆ ಬಿಡಲಿಲ್ಲ. ಅಮೆರಿಕವನ್ನು ಕನ್ನಡಿಯಾಗಿ ಹಿಡಿದು ತನ್ನ ಮುಖವನ್ನು ನೋಡಿಕೊಳ್ಳುವುದು ಈ ಊರಿನ ಸಂಪ್ರದಾಯ. ಆ ಕನ್ನಡಿಯಲ್ಲಿ ನಾವು ಹೊರನಾಡ ಕನ್ನಡಿಗರು ಹೇಗೆ ಕಾಣುತ್ತೇವೆ ಎಂಬುದಷ್ಟೇ ನನ್ನ ವಿಷಯ.

ಚರ್ಚಾಕೂಟದಲ್ಲಿ ನನ್ನ ಮಾತನ್ನು ಕೇಳಿದ ಹಿರಿಯರೊಬ್ಬರು ಹೀಗೆಂದರು: "ನಮ್ಮ ಮಕ್ಕಳು ಓದಿ, ಪರೀಕ್ಷೆ ಪಾಸು ಮಾಡಿ, ಕಾಗದಪತ್ರ ಸರಿಯಾಗಿಟ್ಟುಕೊಂಡು ಹೋದವರು. ಕದ್ದು ಗಡಿ ದಾಟಿದವರ ಜೊತೆ ನಮ್ಮನ್ನೇಕೆ ಸೇರಿಸುತ್ತಾರೆ? ಅವರನ್ನು ಹೊರಗೆ ಹಾಕಲಿ, ನಮಗೇನು?" ಅದೇ ಹಿರಿಯರು ಚಹಾದ ಹೊತ್ತಿನಲ್ಲಿ, ಬಿಹಾರದಿಂದಲೂ ಉತ್ತರಪ್ರದೇಶದಿಂದಲೂ ಬಂದವರು ಪುಣೆಯನ್ನು ಹಾಳುಮಾಡಿದರೆಂದು ಬೇಸರಪಟ್ಟರು. ಅವರಲ್ಲಿ ನನಗೆ ಗೌರವವಿದೆ. ನಾನು ಚಿಕ್ಕವನಿದ್ದಾಗ ಕನ್ನಡದ ಓನಾಮ ತಿದ್ದಿಸಿದವರಲ್ಲಿ ಅವರೂ ಒಬ್ಬರು. ಆದರೆ ಅವರ ಆ ಎರಡು ಮಾತುಗಳಲ್ಲಿಯೇ ನಮ್ಮ ಸಮಸ್ಯೆಯೆಲ್ಲ ಅಡಗಿದೆ ಎಂದು ನನಗೆ ತೋರುತ್ತದೆ. ವಲಸೆ ಬಂದು ನೆಲೆಯೂರಿದವನಿಗೆ ತನ್ನ ಹಿಂದೆ ಬಂದ ವಲಸಿಗನಿಂದ ತಾನು ಬೇರೆಯೆಂದು ತೋರಿಸಿಕೊಳ್ಳುವ ಆತುರ ಇರುತ್ತದೆ. ಆ ಆತುರ ಅವನನ್ನು ಕಾಪಾಡುವುದಿಲ್ಲ. ಇದಕ್ಕೆ ಅಮೆರಿಕದ ನ್ಯಾಯಾಲಯದ ಎರಡು ಹಳೆಯ ಮೊಕದ್ದಮೆಗಳು ಸಾಕ್ಷಿ.

ಮೊದಲನೆಯದು ವಾಂಗ್ ಕಿಮ್ ಆರ್ಕ್ ಎಂಬವನದು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದ ಈತ ಚೀನಾಕ್ಕೆ ಹೋಗಿ ಮರಳಿ ಬಂದಾಗ, ಪೌರನಲ್ಲವೆಂದು ಹೇಳಿ ಅಧಿಕಾರಿಗಳು ಅವನನ್ನು ಬಂದರಿನಲ್ಲಿಯೇ ತಡೆದರು. ಚೀನೀಯರಲ್ಲಿ ತಾನು ವಿಶೇಷದವನೆಂದು ಅವನು ವಾದಿಸಲಿಲ್ಲ. ಅಮೆರಿಕದ ನೆಲದಲ್ಲಿ ಹುಟ್ಟಿದವರೆಲ್ಲ ಅಲ್ಲಿನ ಪೌರರು ಎಂದು 1868ರ ಹದಿನಾಲ್ಕನೆಯ ತಿದ್ದುಪಡಿ ಹೇಳುತ್ತದೆ, ಆ ನಿಯಮ ನನಗೂ ಅನ್ವಯಿಸಲಿ ಎಂದಷ್ಟೇ ಕೇಳಿದ. 1898ರಲ್ಲಿ ಸುಪ್ರೀಂ ಕೋರ್ಟು ಅವನ ಪರವಾಗಿ ತೀರ್ಪಿತ್ತಿತು. ಅವನ ಗೆಲುವು ಅವನೊಬ್ಬನದಾಗಿ ಉಳಿಯಲಿಲ್ಲ. ಮುಂದಿನ ತಲೆಮಾರುಗಳಲ್ಲಿ ಆ ನೆಲದಲ್ಲಿ ಹುಟ್ಟಿದ ಎಲ್ಲ ವಲಸೆಗಾರರ ಮಕ್ಕಳೂ, ನಮ್ಮ ಕನ್ನಡದ ಮನೆಗಳ ಮಕ್ಕಳೂ, ಅವನ ತೀರ್ಪಿನ ನೆರಳಿನಲ್ಲಿ ಪೌರರಾದರು.

ಎರಡನೆಯದು ನಮ್ಮವನೇ ಆದ ಭಗತ್ ಸಿಂಗ್ ಥಿಂಡ್‌ನದು. ಪಂಜಾಬಿನಿಂದ ಹೋಗಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದವನು. ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ಪೌರತ್ವ ಕೊಡಬಹುದಾಗಿದ್ದ ಅಂದಿನ ಕಾಯ್ದೆ ಅನ್ಯಾಯದ್ದೆಂದು ಅವನ ಪರ ವಾದ ನಡೆಯಲಿಲ್ಲ. ಅವನು ಆರ್ಯ ಮೂಲದ ಉಚ್ಚ ಜಾತಿಯವನಾದ್ದರಿಂದ ಬಿಳಿಯರ ಗುಂಪಿಗೇ ಸೇರಿದವನು ಎಂದು ವಾದ ನಡೆಯಿತು. 1923ರಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಅಷ್ಟೇ ಅಲ್ಲ, ಅದಕ್ಕೂ ಮೊದಲು ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಳ್ಳುವಂತಾಯಿತು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಅದೂ ವರ್ಷಕ್ಕೆ ನೂರು ಜನ ವಲಸಿಗರೆಂಬ ಮಿತಿಯೊಂದಿಗೆ. ನಿಯಮವನ್ನು ಕೇಳಿದವನು ಗೆದ್ದ, ವಿನಾಯಿತಿಯನ್ನು ಬೇಡಿದವನು ಸೋತ. ಥಿಂಡ್‌ನನ್ನು ಹಳಿಯಲು ಈ ಮಾತನ್ನು ಹೇಳುತ್ತಿಲ್ಲ. ಅಂದಿನ ಕಾಯ್ದೆಯಲ್ಲಿ ಬೇರೆ ದಾರಿ ಅವನಿಗೆ ಕಾಣಲಿಲ್ಲ. ಆದರೆ ಇಂದು ಸಕಲ ದಾರಿಗಳೂ ತೆರೆದಿರುವಾಗ ನಾವು ಮತ್ತೆ ಅದೇ ದಾರಿಯನ್ನು ಹಿಡಿಯುತ್ತಿದ್ದೇವೆ.

ಜಾತಿಯ ಮಾತನ್ನೇ ತೆಗೆದುಕೊಳ್ಳೋಣ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿಭೇದವನ್ನು ಕಾನೂನಿನ ಮೂಲಕ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದೇ ಮಸೂದೆಯನ್ನು ಅಂಗೀಕರಿಸಿದಾಗ ಅದನ್ನು ಬೆಂಬಲಿಸಿದವರೂ ವಿರೋಧಿಸಿದವರೂ ನಮ್ಮ ದೇಶದ ಮೂಲದವರೇ. ಇರುವ ಕಾಯ್ದೆಗಳೇ ಸಾಕೆಂದು ಹೇಳಿ ರಾಜ್ಯಪಾಲರು ಅಕ್ಟೋಬರ್‌ನಲ್ಲಿ ಅದನ್ನು ತಿರಸ್ಕರಿಸಿದರು. ಬಣ್ಣದ ಕಾರಣದಿಂದ ನಮ್ಮನ್ನು ಕೀಳಾಗಿ ಕಂಡರೆ ನ್ಯಾಯ ಕೇಳುವ ನಾವು, ಹುಟ್ಟಿನ ಕಾರಣದಿಂದ ನಮ್ಮವರನ್ನೇ ಕೀಳಾಗಿ ಕಾಣಬಾರದೆಂಬ ನಿಯಮಕ್ಕೆ ಅಂಜುವುದೇಕೆ? 1873ರ ಫುಲೆಯವರ ಪ್ರಶ್ನೆ ಕಡಲು ದಾಟಿ ಹೋಗಿ ನಮ್ಮ ಮುಂದೆ ನಿಂತಿದೆ.

ಇನ್ನು ಜನ್ಮಸಿದ್ಧ ಪೌರತ್ವದ ವಿಷಯ. 2025ರ ಜನವರಿ 20ರಂದು ಅಧಿಕಾರ ವಹಿಸಿಕೊಂಡ ದಿನವೇ ಅಧ್ಯಕ್ಷ ಟ್ರಂಪ್ ಅವರು ಹೊರಡಿಸಿದ ಆಜ್ಞೆ, ಕಾಗದಪತ್ರಗಳಿಲ್ಲದವರ ಮಕ್ಕಳಿಗಷ್ಟೇ ಅಲ್ಲ, ವಿದ್ಯಾರ್ಥಿ ವೀಸಾ, ಉದ್ಯೋಗ ವೀಸಾಗಳ ಮೇಲೆ ಇರುವವರ ಮಕ್ಕಳಿಗೂ ಹುಟ್ಟಿನಿಂದ ಪೌರತ್ವ ಇಲ್ಲವೆಂದಿತು. ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರೋ ಕಾಯಂ ನಿವಾಸಿಗಳೋ ಆಗಿರಬೇಕು. ಕೆಳಗಿನ ನ್ಯಾಯಾಲಯಗಳು ಅದನ್ನು ತಡೆದವು, ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇಲ್ಲಿ ಹಿರಿಯರ "ನಮಗೇನು" ಎಂಬ ಮಾತಿಗೆ ಉತ್ತರ ಸಿಕ್ಕಿತು: ಕದ್ದು ಗಡಿ ದಾಟಿದವನಿಗಾಗಿ ಹೊಸೆದ ಹಗ್ಗ, ಪರೀಕ್ಷೆ ಪಾಸು ಮಾಡಿ ಹೋದವನ ಕೂಸಿನ ಕಾಲಿಗೂ ತೊಡರಿತು.

ಆದರೆ ಈ ಆಜ್ಞೆಯನ್ನು ಕೇಳಿ ಇಲ್ಲಿ ಕೆರಳಿದ ನಮ್ಮಲ್ಲಿ ಎಷ್ಟು ಜನರಿಗೆ ನಮ್ಮ ದೇಶದ ಕಾಯ್ದೆ ಗೊತ್ತು? 1955ರ ಪೌರತ್ವ ಕಾಯ್ದೆಯಂತೆ ಭಾರತದಲ್ಲಿಯೂ, ಕೆಲವು ಅಪವಾದಗಳನ್ನು ಬಿಟ್ಟರೆ, ಹುಟ್ಟಿದ್ದೇ ಪೌರತ್ವಕ್ಕೆ ಸಾಕಾಗಿತ್ತು. 1987ರ ಜುಲೈ 1ರಿಂದ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂದಾಯಿತು. ಅಮೆರಿಕದಲ್ಲಿ ಅಧ್ಯಕ್ಷರ ಆಜ್ಞೆಯನ್ನು ನ್ಯಾಯಾಲಯ ತಡೆಯುವಷ್ಟು ದೊಡ್ಡದಾದ ಹಕ್ಕು, ನಮ್ಮಲ್ಲಿ ಎರಡು ತಿದ್ದುಪಡಿಗಳಲ್ಲಿ ಸದ್ದಿಲ್ಲದೆ ಕರಗಿತು. ಪ್ರತಿಯೊಂದು ದೇಶಕ್ಕೂ ತನ್ನ ಪೌರರು ಯಾರೆಂದು ನಿರ್ಧರಿಸುವ ಅಧಿಕಾರವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಾವು ಬೇರೆಯವರಲ್ಲಿ ಹುಡುಕುವ ಔದಾರ್ಯ ನಮ್ಮ ಮನೆಯಲ್ಲಿ ಎಷ್ಟಿದೆ ಎಂದು ಅಳೆದುಕೊಂಡು ಮಾತಾಡಿದರೆ ಮಾತಿಗೆ ತೂಕ ಬರುತ್ತದೆ.

ನಮ್ಮ ಸಂಘದ ಮನೆಗಳಲ್ಲಿ ಹೆಚ್ಚು ಚರ್ಚೆಯಾದದ್ದು ಎಚ್-1ಬಿ ವೀಸಾ. 1990ರ ಕಾಯ್ದೆಯಿಂದ ರೂಪುಗೊಂಡ ಈ ವೀಸಾಕ್ಕೆ ವರ್ಷಕ್ಕೆ 65,000ದ ಮಿತಿ. ಅಮೆರಿಕದಲ್ಲಿ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಪಡೆಯುವವರಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಜನ ಭಾರತೀಯರು. 2025ರ ಸೆಪ್ಟೆಂಬರ್ 19ರ ಘೋಷಣೆ ಹೊಸ ಅರ್ಜಿಯೊಂದಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿತು. ಆಗಿನ ವಿನಿಮಯ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಇದು ತಾಗದೆಂದು ಅಕ್ಟೋಬರ್‌ನಲ್ಲಿ ಸ್ಪಷ್ಟನೆ ಬಂತು. ಆ ಒಂದು ತಿಂಗಳು, ಮನೆ ಒತ್ತೆಯಿಟ್ಟು ಮಕ್ಕಳನ್ನು ಕಳಿಸಿದ ತಂದೆತಾಯಿಗಳು ನಿದ್ದೆ ಮಾಡಿದಂತೆ ಕಾಣಲಿಲ್ಲ.

ಈ ವಿಷಯದಲ್ಲಿ ಅಮೆರಿಕದ ಕೆಲಸಗಾರನ ಕಡೆಗೂ ಕಿವಿಗೊಡಬೇಕು. 2014-15ರಲ್ಲಿ ಫ್ಲಾರಿಡಾದ ಮನರಂಜನಾ ಕಂಪನಿಯೊಂದರಲ್ಲಿ ಸುಮಾರು 250 ಜನ ಗಣಕ ತಂತ್ರಜ್ಞರು ಕೆಲಸ ಕಳೆದುಕೊಂಡರು. ಅವರಲ್ಲಿ ಹಲವರು ತಮ್ಮ ಜಾಗಕ್ಕೆ ವೀಸಾದ ಮೇಲೆ ಬಂದವರಿಗೆ ತಾವೇ ಕೆಲಸ ಕಲಿಸಿಕೊಟ್ಟು ಹೊರಡಬೇಕಾಯಿತು. ಅಂಥವನ ಸಿಟ್ಟನ್ನು ಬರಿಯ ವರ್ಣದ್ವೇಷವೆಂದು ಕರೆಯುವುದು ಸುಲಭ, ಆದರೆ ನ್ಯಾಯವಲ್ಲ. ತಪ್ಪು ಇರುವುದು ಕಟ್ಟಿಹಾಕುವ ವ್ಯವಸ್ಥೆಯಲ್ಲಿ. ಈ ವೀಸಾದ ಮೇಲಿದ್ದವನು ಕೆಲಸ ಕಳೆದುಕೊಂಡರೆ ಅರವತ್ತು ದಿನಗಳೊಳಗೆ ಬೇರೆ ಧಣಿಯನ್ನೋ ಬೇರೆ ದಾರಿಯನ್ನೋ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಅಂಥವನು ಸಂಬಳ ಕಡಿಮೆಯೆಂದು, ಕೆಲಸದ ಹೊತ್ತು ಹೆಚ್ಚೆಂದು ಹೇಗೆ ತಕರಾರು ಮಾಡಿಯಾನು? ಬಾಯಿ ಕಟ್ಟಿದ ಕೆಲಸಗಾರ ಅಗ್ಗವಾಗುತ್ತಾನೆ. ಅವನು ಅಗ್ಗವಾದರೆ ಪಕ್ಕದವನೂ ಅಗ್ಗವಾಗುತ್ತಾನೆ. ಶುಲ್ಕ ಏರಿಸಿದರೆ ಬರುವವರ ಸಂಖ್ಯೆ ಇಳಿದೀತು, ಬಂದವನ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚದು. ಹೊರಗಿನವನಿಗೆ ಮಾತಾಡುವ ಹಕ್ಕು ಕೊಡುವುದರಿಂದಲೇ ಒಳಗಿನವನ ಕೂಲಿಯೂ ಉಳಿಯುತ್ತದೆ. ಅಮೆರಿಕದ ಇಂದಿನ ರಾಜಕಾರಣದಲ್ಲಿ ಎರಡೂ ಪಕ್ಷಗಳು ಗಟ್ಟಿಯಾಗಿ ಹೇಳದಿರುವ ಮಾತು ಇದೆಂದು ನನ್ನ ಅಭಿಪ್ರಾಯ.

ದನಿಯ ಈ ಮಾತು ಬಂದಾಗಲೆಲ್ಲ ನನಗೆ ನಮ್ಮಜ್ಜನ ನೆನಪಾಗುತ್ತದೆ. ಗದಗಿನ ಕಡೆಯ ಹಳ್ಳಿಯಿಂದ 1961ರಲ್ಲಿ ಪುಣೆಗೆ ಬಂದು, ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ದುಡಿದು, ಇಲ್ಲಿಯೇ ಕಣ್ಣು ಮುಚ್ಚಿದವನು. ಅವನು ಬರುವ ಐದು ವರ್ಷಗಳ ಹಿಂದೆ, 1956ರ ನವೆಂಬರ್ 1ರವರೆಗೆ, ಗದಗೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಧಾರವಾಡದ ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿಗೆ ಓದಲು ಬಂದಾಗ ಅವರು ಹೊರನಾಡಿನವರಾಗಿರಲಿಲ್ಲ. ಮನೆಮಾತು ಮರಾಠಿಯಾಗಿದ್ದ ಅವರು ಕನ್ನಡದ ಕವಿಯಾಗುವುದಕ್ಕೂ ಯಾವ ಗಡಿ ಅಡ್ಡಬರಲಿಲ್ಲ. ಆಮೇಲೆ ಬಂದ ಗೆರೆ ಎಷ್ಟೋ ಮನೆಗಳ ನಡುವೆ ಹಾದುಹೋಯಿತು. ಅಜ್ಜ ಗೆರೆ ದಾಟಿ ಬಂದವನು. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ, ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದ ವರ್ಷಗಳಲ್ಲಿ ಅವನು ಬಸ್ಸಿನಲ್ಲಿ ಅಪ್ಪನ ಕೈ ಅದುಮಿ "ಇಲ್ಲೆ ಸಣ್ಣ ದನೀಲೆ ಮಾತಾಡು" ಎನ್ನುತ್ತಿದ್ದನಂತೆ. ಯಾರೂ ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಅಂಜಿಕೆಗೆ ಅಷ್ಟೇ ಸಾಕಾಗಿತ್ತು. ಅಪ್ಪ ಇಂದಿಗೂ ಹೊರಗೆ ಕನ್ನಡ ಮಾತಾಡುವಾಗ ದನಿ ತಗ್ಗಿಸುತ್ತಾನೆ. ಅವ್ವ ನನಗೆ "ಆಮ್ಯಾಲೆ ಬರಕೊ" ಎಂದಾಗ ನಾನು ಕೇಳಿದ್ದು ಅಜ್ಜನ ಅದೇ ಮಾತನ್ನು.

ಇದೇ ಪುಣೆ ಇನ್ನೊಂದು ಬಗೆಯನ್ನೂ ತೋರಿಸಿದೆ. ಗದಗಿನ ಸೀಮೆಯ ಭೀಮಸೇನ ಜೋಶಿಯವರನ್ನು ಈ ಊರು ತನ್ನವರೆಂದೇ ಅಪ್ಪಿಕೊಂಡಿತು. ಕುಂದಗೋಳದ ಗುರುವಿನ ಹೆಸರಿನಲ್ಲಿ 1953ರಲ್ಲಿ ಅವರು ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ಪುಣೆಯ ಹೆಮ್ಮೆಯ ಹಬ್ಬವಾಯಿತು. ಅವರ ಕೊರಳಿಂದ ಮರಾಠಿ ಅಭಂಗಗಳೂ ಬಂದವು, ಕನ್ನಡ ದಾಸರ ಪದಗಳೂ ಬಂದವು. ಯಾವುದನ್ನು ಹಾಡುವಾಗಲೂ ಅವರು ದನಿ ತಗ್ಗಿಸಬೇಕಾಗಲಿಲ್ಲ. ಹೊರಗಿನವನು ತುಂಬು ದನಿಯಲ್ಲಿ ಹಾಡಿದರೆ ಒಳಗಿನವನ ಮನೆಯೇ ಬೆಳಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದರೆ ಭೀಮಸೇನರಂಥವರನ್ನು ತೋರಿಸಿ ಸಮಾಧಾನಪಟ್ಟುಕೊಳ್ಳುವುದು ಸಾಲದು. ಪ್ರತಿಭೆಯಿದ್ದವನಿಗೆ ಎಲ್ಲ ಊರಿನಲ್ಲೂ ಮಣೆ ಸಿಗುತ್ತದೆ; ಮಣ್ಣು ಹೊರುವವನಿಗೆ ಏನು ಸಿಗುತ್ತದೆ ಎಂಬುದೇ ಊರಿನ ಪರೀಕ್ಷೆ. ಹಿಂಜವಡಿಯಲ್ಲೂ ವಾಕಡದಲ್ಲೂ ನಮ್ಮ ಎಂಜಿನಿಯರುಗಳು ಕುಳಿತು ಕೆಲಸ ಮಾಡುವ ಗಾಜಿನ ಕಟ್ಟಡಗಳನ್ನು ಕಟ್ಟಿದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದ ಗೌಂಡಿಗಳೂ ಕೂಲಿಗಳೂ ಇದ್ದಾರೆ. ಅವರೂ ಹೊರನಾಡ ಕನ್ನಡಿಗರೇ. ನಮ್ಮ ರಾಜ್ಯೋತ್ಸವದ ಕುರ್ಚಿಗಳಲ್ಲಿ ಅವರನ್ನು ನಾನು ಕಂಡದ್ದು ಕಡಿಮೆ. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಕೆಲಸವೂ ಕೂಲಿಯೂ ನಿಂತು ಊರಿಗೆ ಮರಳಲು ಹೊರಟವರಿಗೆ ಕರ್ನಾಟಕ ಸರ್ಕಾರವೇ ಮಹಾರಾಷ್ಟ್ರ ಮೊದಲಾದ ರಾಜ್ಯಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದಿತು. ಇಲ್ಲಿ ಪರಪ್ರಾಂತೀಯರು, ಅಲ್ಲಿ ರೋಗ ತರುವವರು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಜನ ಭಾರತೀಯರನ್ನು ಕೈಕೋಳ ತೊಡಿಸಿ ಅಮೃತಸರಕ್ಕೆ ತಂದಿಳಿಸಿದಾಗ ದೇಶವೆಲ್ಲ ನಾಚಿಕೆಪಟ್ಟಿತು. ನಾಚಿಕೆ ಯೋಗ್ಯವಾದದ್ದೇ. ಆದರೆ ಅದು ಗಡಿಯಲ್ಲಿ ತಡೆಯಲ್ಪಟ್ಟ ನಮ್ಮ ಗೌಂಡಿಯವರೆಗೂ ಹಬ್ಬಲಿಲ್ಲ.

ಹೋಲಿಕೆಗೆ ಮಿತಿಯಿದೆಯೆಂದು ನಾನು ಬಲ್ಲೆ. ಅಮೆರಿಕದಲ್ಲಿ ನೆಲೆಸುವುದು ನಮ್ಮ ಹಕ್ಕಲ್ಲ; ಅದು ಆ ದೇಶ ಕೊಡುವ ಅವಕಾಶ. ಪುಣೆಯಲ್ಲಿ ಕನ್ನಡಿಗನಿಗೂ ಬೆಂಗಳೂರಿನಲ್ಲಿ ಬಿಹಾರಿಗೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದವೇ ಕೊಟ್ಟಿದೆ. ಹಾಗಾದರೆ ನಮ್ಮ ಹೊಣೆ ಅಮೆರಿಕದವರ ಹೊಣೆಗಿಂತ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆ ಹೊಣೆಯನ್ನು ನಾವು ಹೇಗೆ ನಿರ್ವಹಿಸಿದ್ದೇವೆ? 2012ರ ಆಗಸ್ಟ್ ತಿಂಗಳಲ್ಲಿ ವದಂತಿಗೂ ಹಲ್ಲೆಗೂ ಅಂಜಿ ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳೂ ಕೆಲಸಗಾರರೂ ಸಾವಿರಾರು ಸಂಖ್ಯೆಯಲ್ಲಿ ರೈಲು ಹತ್ತಿದ ಊರುಗಳಲ್ಲಿ ಬೆಂಗಳೂರೂ ಇತ್ತು, ಪುಣೆಯೂ ಇತ್ತು. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯಮಗಳ ಆಡಳಿತದ ಹುದ್ದೆಗಳಲ್ಲಿ ಶೇಕಡ 50, ಇತರ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೇ ಮೀಸಲಿಡುವ ಮಸೂದೆಯನ್ನು ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಅಂದು ಅದನ್ನು ಸ್ವಾಗತಿಸಿದ ಪುಣೆಯ ಕನ್ನಡಿಗರನ್ನು ನಾನು ಬಲ್ಲೆ. ಅಂಥದೇ ಕಾಯ್ದೆ ಮಹಾರಾಷ್ಟ್ರದಲ್ಲಿ ಬಂದರೆ ತಮ್ಮ ಮಕ್ಕಳ ಗತಿ ಏನೆಂದು ಅವರು ಕೇಳಿಕೊಂಡಂತಿರಲಿಲ್ಲ.

2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರ ಭಾಷೆಯ ಕಾರಣಕ್ಕೆ ಬಸ್ ಕಂಡಕ್ಟರನೊಬ್ಬನ ಮೇಲೆ ಹಲ್ಲೆಯಾಗಿ, ಎರಡೂ ರಾಜ್ಯಗಳ ಬಸ್ಸುಗಳಿಗೆ ಮಸಿ ಬಳಿದು, ಸಂಚಾರ ಕೆಲವು ದಿನ ನಿಂತಿತು. ಆ ದಿನಗಳಲ್ಲಿ ಸ್ವಾರ್‌ಗೇಟ್ ನಿಲ್ದಾಣದಲ್ಲಿ ಊರಿನ ಬಸ್ಸಿಗಾಗಿ ಕಾದು ಮರಳಿದವರಲ್ಲಿ ನಾನೂ ಒಬ್ಬ. ಹೋದ ಊರಿನ ಭಾಷೆಯನ್ನು ಕಲಿ ಎಂದು ಕೇಳುವುದು ತಪ್ಪಲ್ಲ. ನಾವೆಲ್ಲ ಮರಾಠಿ ಕಲಿತಿದ್ದೇವೆ, ಅದರಿಂದ ಬೆಳೆದಿದ್ದೇವೆ. ಕಲಿಯೆಂದು ಕರೆಯುವ ಕೈಯೇ ಬೇರೆ, ಕಲಿಯಲಿಲ್ಲವೆಂದು ಎತ್ತುವ ಕೈಯೇ ಬೇರೆ.

ಬೆಳಗಾವಿಯ ಮಾತು ಬಂದದ್ದರಿಂದ ಒಂದು ಸ್ವಾರಸ್ಯವನ್ನು ಹೇಳಬೇಕು. ಆ ಜಿಲ್ಲೆ ಯಾರದೆಂಬ ಬಗ್ಗೆ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಅದೇ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ, ಮನೆಮಾತು ಮರಾಠಿಯಾದ ಶ್ರೀ ಠಾಣೇದಾರ್ ಅವರು 1979ರಲ್ಲಿ ಓದಲು ಅಮೆರಿಕಕ್ಕೆ ಹೋಗಿ, 2022ರಲ್ಲಿ ಮಿಶಿಗನ್ ರಾಜ್ಯದಿಂದ ಅಲ್ಲಿನ ಸಂಸತ್ತಿಗೆ ಆಯ್ಕೆಯಾದರು. ಅವರ ಕ್ಷೇತ್ರ ಡೆಟ್ರಾಯಿಟ್ ನಗರದ ಬಹುಭಾಗವನ್ನು ಒಳಗೊಂಡದ್ದು, ಕರಿಯರು ಬಹುಸಂಖ್ಯೆಯಲ್ಲಿರುವ ಊರು. ಅವರ ರಾಜಕೀಯವನ್ನು ಮೆಚ್ಚಬಹುದು, ಮೆಚ್ಚದಿರಬಹುದು. ಬೆಳಗಾವಿಯವನು ಕನ್ನಡಿಗನೋ ಮರಾಠಿಗನೋ ಎಂದು ನಾವಿಲ್ಲಿ ತಕ್ಕಡಿ ಹಿಡಿದು ಕುಳಿತಿರುವಾಗ ಆ ಊರಿನ ಮತದಾರರು ಅವನನ್ನು ತಮ್ಮ ಪ್ರತಿನಿಧಿಯೆಂದರು. ಭಾರತೀಯರಿಗೆ ಅಮೆರಿಕದ ಬಾಗಿಲನ್ನು ನಿಜವಾಗಿ ತೆರೆದ 1965ರ ವಲಸೆ ಕಾಯ್ದೆಯೂ ಕರಿಯರ ನಾಗರಿಕ ಹಕ್ಕುಗಳ ಹೋರಾಟ ಹದಮಾಡಿದ ನೆಲದಲ್ಲಿ ಮೊಳೆತದ್ದು. ವಿನಾಯಿತಿಗಾಗಿ ಅಲ್ಲ, ಎಲ್ಲರಿಗೂ ಒಂದೇ ನಿಯಮಕ್ಕಾಗಿ ಹೋರಾಡಿದವರ ಋಣ ನಮ್ಮ ಮೇಲಿದೆ.

ಆದ್ದರಿಂದ ಹಿರಿಯರ ಮುಂದೆ ಎರಡು ವಿನಂತಿಗಳನ್ನಿಡುತ್ತೇನೆ. ಸಂಘದ ವತಿಯಿಂದ ವಿದೇಶ ವ್ಯಾಸಂಗದ ಮಾರ್ಗದರ್ಶನ ನಡೆಯಲಿ. ನನಗೂ ಅದು ಬೇಕು. ಆದರೆ ಅದೇ ಸಭಾಗೃಹದಲ್ಲಿ, ತಿಂಗಳಿಗೊಂದು ಭಾನುವಾರ, ಕಟ್ಟಡ ಕಾರ್ಮಿಕರ ನೋಂದಣಿ, ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲೆಗಳಿಗೆ ನೆರವಾಗುವ ಮೇಜೊಂದು ಇರಲಿ. ಅರ್ಜಿ ತುಂಬಲು ನಾವು ವಿದ್ಯಾರ್ಥಿಗಳು ಬರುತ್ತೇವೆ. ಎರಡನೆಯದು, ಅಮೆರಿಕದಲ್ಲಿರುವ ನಮ್ಮ ಬಂಧುಗಳು ರಜೆಗೆ ಬಂದಾಗ ಅವರನ್ನು ಸನ್ಮಾನಿಸಿ ಕಳಿಸುವ ಬದಲು ಪ್ರಶ್ನೆ ಕೇಳೋಣ: ಅಲ್ಲಿ ನಿಮ್ಮ ಹಕ್ಕಿಗಾಗಿ ನೀವು ಯಾರ ಜೊತೆ ನಿಂತಿರಿ, ಯಾರಿಂದ ದೂರ ಸರಿದಿರಿ? ಅವರೂ ನಮ್ಮನ್ನು ಅದೇ ಪ್ರಶ್ನೆ ಕೇಳಲಿ.

ಬರೆದು ಮುಗಿಸಿದ ಮೇಲೆ ಇದನ್ನು ಅವ್ವನಿಗೆ ಓದಿ ಹೇಳಿದೆ. ಅಜ್ಜನ ಮಾತು ಬಂದಲ್ಲಿ ಅವಳು ಕೈಯಲ್ಲಿದ್ದ ಸೊಪ್ಪನ್ನು ಬಿಡಿಸುವುದು ನಿಲ್ಲಿಸಿದಳು. ಆಮೇಲೆ, "ವೀಸಾ ಸಿಗಲಿಲ್ಲಂದ್ರ?" ಎಂದು ಕೇಳಿದಳು. ಸಿಗದಿದ್ದರೆ ಪುಣೆಯಲ್ಲಿಯೇ ಓದುತ್ತೇನೆ ಎಂದೆ. ಸಿಕ್ಕರೆ ಹೋಗುತ್ತೇನೆ, ಆ ದೇಶದ ನಿಯಮಗಳನ್ನು ಪಾಲಿಸುತ್ತೇನೆ, ಅಲ್ಲಿಯೂ ನನಗೆ ತೋರಿದ್ದನ್ನು ಹೇಳುತ್ತೇನೆ. ಅವಳು ಒಪ್ಪಿದಳೆಂದು ಹೇಳಲಾರೆ. ಅಪ್ಪ ಮಾತ್ರ ಒಳಗಿನ ಕೋಣೆಯಿಂದ, ಕಿಟಕಿ ತೆರೆದಿದ್ದರೂ, ಕನ್ನಡದಲ್ಲಿ ಗಟ್ಟಿಯಾಗಿಯೇ ಕೂಗಿ ಹೇಳಿದ: "ಕೊಟ್ಟು ಬಾ ಹೋಗು, ಸಂಪಾದಕರು ಕಾಯ್ತಿರತಾರ."